ಮಂಗನ ಸೂತಕ

ನಮ್ಮ ವಂಶದಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂಬ ಸುದ್ದಿಯನ್ನು ನನಗೆ ತಂದವರು ನಮ್ಮ ಬೀಗರಾಗಲಿದ್ದವರು. ನಾನು ಅಡುಗೆಮನೆಯಲ್ಲಿ ಮಗಳ ಮದುವೆಗೆಂದು ಚಕ್ಕುಲಿ ಒತ್ತುತ್ತಿದ್ದೆ. ಬೀದಿಯಿಂದ ಯಾರೋ ಕೂಗಿದ್ದು ಕೇಳಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರೆ, ಮಳವಳ್ಳಿಯ ಸಂಪತ್ ಕುಮಾರಾಚಾರ್ಯರು ಜಗಲಿ ಹತ್ತದೆ, ಬಗಲಲ್ಲಿ ಕೊಡೆ ಇಟ್ಟುಕೊಂಡು ನಡುಬೀದಿಯಲ್ಲಿ ನಿಂತಿದ್ದರು. ಹುಡುಗನ ತಂದೆ ಮನೆ ಬಾಗಿಲಿಗೆ ಬಂದು ಬೀದಿಯಲ್ಲಿ ನಿಲ್ಲುವುದೆಂದರೇನು!

"ಒಳಗೆ ಬನ್ನಿ, ಬಿಸಿಲಲ್ಲಿ ಯಾಕೆ ನಿಂತಿರಿ?" ಎಂದೆ.

"ಸೂತಕದ ಮನೆಗೆ ಹೇಗಮ್ಮ ಬರಲಿ?" ಎಂದರು. "ನಮಗೊಂದು ಮಾತು ತಿಳಿಸಬಾರದಿತ್ತೆ? ಹೋದವರು ಯಾರು?"

ಮಂಡ್ಯದಲ್ಲಿರುವ ಮೈದುನನೇ? ಮೊನ್ನೆಯಷ್ಟೇ ಮದುವೆಯ ಛತ್ರ ಗೊತ್ತು ಮಾಡಿ ಬಂದಿದ್ದನಲ್ಲ! ಬಾಗಿಲ ಹಿಂದೆ ನಿಂತಿದ್ದ ಕನಕಲಕ್ಷ್ಮಿ "ಅಮ್ಮಾ, ಚಿಕ್ಕಪ್ಪನಾ?" ಎಂದು ಅಳುವುದಕ್ಕೇ ಶುರು ಮಾಡಿದಳು. "ಯಾರು ಹೇಳಿದರು ನಿಮಗೆ?" ಎಂದೆ.

"ಬಸ್ಸಿಳಿದು ಗದ್ದೆ ಬದುವಿನ ಮೇಲೆ ಬರುತ್ತಿದ್ದಾಗ ಆ ಜವರಯ್ಯ ಅನ್ನುವವರು ಸಿಕ್ಕಿದ್ದರು. ಮೇಷ್ಟ್ರ ದಾಯಾದಿ ಸತ್ತು ಹೋದ, ಮಣ್ಣು ಮಾಡುವುದಕ್ಕೆ ನಾಲೆಯ ಹತ್ತಿರ ಎತ್ತಿಕೊಂಡು ಹೋಗಿದ್ದಾರೆ ಅಂದರು."

ಅಷ್ಟರಲ್ಲಿ ಜವರಯ್ಯನೇ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ. ಅವನು ಊರಿನ ಯಜಮಾನ, ನಮ್ಮ ಪಕ್ಕದ ಗದ್ದೆಯವನು. ಜೊತೆಗೆ ನಮ್ಮೆಜಮಾನರೂ ಇದ್ದರು, ಮುಖ ಚೆನ್ನಾಗಿಯೇ ಇತ್ತು. ನಾನು ಬೀದಿ ಎನ್ನುವುದನ್ನೂ ನೋಡದೆ "ಸತ್ತವರು ಯಾರ್ರೀ?" ಎಂದು ಕಿರುಚಿದೆ.

"ಕೋತಿ ಕಣ್ರವ್ವ," ಎಂದ ಜವರಯ್ಯ, ಏನೂ ಆಗದವನಂತೆ. "ಟ್ರಾನ್ಸ್‌ಫಾರಂ ತಾವ ಕರೆಂಟ್ ವೊಡ್ದು ಬಿದ್ದೋಯ್ತು. ದಾಯಾದಿ ಅಂತ ಮೇಷ್ಟ್ರೇ ಯೋಳಿಲ್ವಾ? ನಾನೇನ್ ಸುಳ್ಳು ಯೋಳ್ದ್ನಾ?"

ನನಗೆ ಬಂದ ಸಿಟ್ಟು ದೇವರಿಗೇ ಪ್ರೀತಿ. ಒಳಗೆ ಎಣ್ಣೆಯಲ್ಲಿ ಬಿಟ್ಟಿದ್ದ ಚಕ್ಕುಲಿ ಸೀದು ಹೊಗೆ ಬರುತ್ತಿತ್ತು.

ಇದರ ಬೇರು ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ನಮ್ಮೆಜಮಾನರು ಕಸ್ತೂರಿರಂಗ, ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಗ್ಗೆ ಸಂಧ್ಯಾವಂದನೆ ಮಾಡಿ, ಹಣೆಗೆ ನಾಮ ಇಟ್ಟುಕೊಂಡು, ಹನಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಿ ಮಕ್ಕಳಿಗೆ ಜೀವವಿಕಾಸದ ಪಾಠ ಹೇಳುತ್ತಿದ್ದರು. ಶಾಲೆಯಲ್ಲಿ ಹೇಳಿ ಸುಮ್ಮನಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಭಾನುವಾರ ಜಗಲಿಯ ಮೇಲೆ ಕೂತು ಊರಿಗೆಲ್ಲ ಹೇಳಬೇಕೇ ಈ ಮನುಷ್ಯ? ಒಂದು ದಿನ ಜವರಯ್ಯ ರೇಗಿಬಿಟ್ಟ. "ಅಂಗಾರೆ ನಮ್ಮಪ್ಪ ಕೋತಿಯಾ ಮೇಷ್ಟ್ರೇ?"

"ಅಪ್ಪ ಅಲ್ಲ ಜವರಯ್ಯ," ಎಂದಿದ್ದರು ಇವರು. "ಕೋತಿಗೂ ನಮಗೂ ಮೂಲಪುರುಷ ಒಬ್ಬನೇ. ಅವನ ಸಂತಾನ ಎರಡು ಕವಲಾಯಿತು. ದಾಯಾದಿಗಳು ಅಂತಿಟ್ಟುಕೋ."

"ಓಹೋ! ಅದ್ಕೇ ನನ್ ತೆಂಗಿನ್ ತ್ವಾಟ್ದಲ್ಲಿ ಪಾಲ್ ಕೇಳಕ್ ಬತ್ತವೆ!"

ಜಗಲಿಯೆಲ್ಲ ನಕ್ಕಿತು. ಅಂದಿನಿಂದ ಇವರಿಗೆ ಕೋತಿ ಮೇಷ್ಟ್ರು ಎಂದೇ ಹೆಸರಾಯಿತು. ಹೆಸರು ನಮ್ಮ ಜನರ ಕಿವಿಗೂ ಬಿದ್ದು, ಕನಕಳಿಗೆ ಬಂದ ಎರಡು ಸಂಬಂಧ ಮಾತುಕತೆಯಲ್ಲೇ ಮುರಿದು ಹೋದವು. "ದೇವರನ್ನೂ ನಂಬುತ್ತೀರಿ, ಇದನ್ನೂ ನಂಬುತ್ತೀರಿ, ಹೇಗ್ರೀ ಅದು?" ಎಂದು ನಾನು ಕೇಳಿದ್ದೆ. "ಬೀಜ ನೆಟ್ಟವನು ಅವನು. ಗಿಡ ಹೇಗೆ ಬೆಳೆಯಿತು ಅಂತ ಹೇಳುವವನು ನಾನು. ಜಗಳ ಎಲ್ಲಿದೆ ಪಂಕಜ?" ಎಂದಿದ್ದರು. "ಜಗಳ ಇಲ್ಲಿದೆ. ನಿಮ್ಮ ಮಗಳಿಗೆ ಗಂಡು ಸಿಗುತ್ತಿಲ್ಲ," ಎಂದು ನಾನು ಲೋಟ ಕುಕ್ಕಿ ಎದ್ದು ಹೋಗಿದ್ದೆ.

ಕೊನೆಗೆ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮಾರನೆಯ ವರ್ಷದ ಶ್ರಾವಣದಲ್ಲಿ, ಈ ಮಳವಳ್ಳಿಯ ಸಂಬಂಧ ಕೂಡಿ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಕನಕಳಿಗೂ ಒಪ್ಪಿಗೆಯಾಗಿದ್ದ. ಹುಡುಗನ ತಂದೆ ಮಾತ್ರ ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಪುರೋಹಿತರು. ಮುಂದಿನ ಶುಕ್ರವಾರ ಧಾರೆ. ಈಗ ನೋಡಿದರೆ ಆ ಪುಣ್ಯಾತ್ಮರು ಕೋತಿ ಸತ್ತ ಸುದ್ದಿ ಕೇಳಿ ಬೀದಿಯಲ್ಲಿ ನಿಂತಿದ್ದಾರೆ.

ಮೊದಲು ಅವರು ಹೊಟ್ಟೆ ಕುಲುಕುವ ಹಾಗೆ ನಕ್ಕರು. ಅಬ್ಬಾ, ಬದುಕಿದೆ ಅಂದುಕೊಂಡೆ. ನಗು ಅರ್ಧಕ್ಕೇ ನಿಂತಿತು.

"ಅಲ್ಲ ಮೇಷ್ಟ್ರೇ, ದಾಯಾದಿ ಅಂದದ್ದು ತಮಾಷೆಗೆ ತಾನೆ?"

ಹೂಂ ಅನ್ನಿ, ಹೂಂ ಅಂದುಬಿಡಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಇವರು ಎದೆ ಸೆಟೆಸಿ, "ತಮಾಷೆಯಲ್ಲ. ಅದು ನಿಜ," ಎಂದರು.

"ನಿಜವಾದರೆ ದಾಯಾದಿ ಸತ್ತ ಸೂತಕವೂ ನಿಜ. ಹತ್ತು ದಿನ. ಶುಕ್ರವಾರದ ಮದುವೆ ಹೇಗೆ ನಡೆಯುತ್ತೆ? ಹೇಳಿದ್ದು ಸುಳ್ಳು ಅಂತ ಒಪ್ಪಿಕೊಳ್ಳಿ, ನಾನು ಒಳಗೆ ಬಂದು ಕಾಫಿ ಕುಡಿಯುತ್ತೇನೆ. ಸುಳ್ಳಲ್ಲ ಅಂದರೆ ಸೂತಕ ಹಿಡಿಯಿರಿ."

"ಬರೀ ಪ್ರಾಣಿ ಅದು ಅಂದ್ಬುಟ್ರೆ ನಾವೂ ಒಪ್ಪಕಿಲ್ಲ," ಎಂದು ಜವರಯ್ಯ ನಡುವೆ ಬಾಯಿ ಹಾಕಿದ. "ಆಂಜನೇಯ ಸ್ವಾಮಿ ಕಣ್ರೀ ಅದು. ತಮಟೆ ಬಾರಿಸ್ಕಂಡು ಎತ್ಕೊಂಡ್ ಓಗೀವಿ."

ಇವರಿಗೆ ಅತ್ತಲೂ ದಾರಿಯಿಲ್ಲ, ಇತ್ತಲೂ ದಾರಿಯಿಲ್ಲ. ಕೋತಿ ಏನೂ ಅಲ್ಲ ಎಂದರೆ ಊರು ಕೆರಳುತ್ತದೆ, ನೆಂಟ ಎಂದರೆ ಮದುವೆ ನಿಲ್ಲುತ್ತದೆ. ಈ ಗಂಡಸಿಗೆ ಒಂದು ಸುಳ್ಳು ಹೇಳುವ ಯೋಗ್ಯತೆಯೂ ಇಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿದು ಹೋಯಿತು. "ಮಾವನವರನ್ನೇ ಕೇಳೋಣ," ಎಂದುಬಿಟ್ಟೆ. ನಮ್ಮ ಮಾವ ವರದರಾಜ ಅಯ್ಯಂಗಾರ್ಯರು ಊರಿನ ಪೆರುಮಾಳ್ ದೇವಸ್ಥಾನದ ಅರ್ಚಕರು. ಶಾಸ್ತ್ರದಲ್ಲಿ ಅವರ ಮಾತಿಗೆ ಎದುರಿಲ್ಲ. ಮಗನಿಗೆ ಎಲ್ಲರೆದುರಿಗೇ ನಾಲ್ಕು ಬೈದು, ಇದೆಲ್ಲ ಹುಚ್ಚು ಮಾತು ಎಂದು ತೀರ್ಮಾನ ಹೇಳುತ್ತಾರೆ, ಅಲ್ಲಿಗೆ ನನ್ನ ಮಗಳ ಮದುವೆ ಉಳಿಯುತ್ತದೆ ಎಂದು ನನ್ನ ಲೆಕ್ಕ. ಕೋತಿಯ ಗುಂಡಿಗೆ ತೀರ್ಥ ಹಾಕಿಸಲು ಊರವರು ಅವರನ್ನು ನಾಲೆಯ ಹತ್ತಿರ ಕರೆದುಕೊಂಡು ಹೋಗಿದ್ದರು. ಬೇಕಾದಾವು ಎಂದು ಗಳುವಿನ ಮೇಲಿದ್ದ ಮಡಿಪಂಚೆಗಳನ್ನು ಎಳೆದುಕೊಂಡು, ಕನಕಳಿಗೆ ಒಲೆ ನೋಡಿಕೋ ಎಂದು ಹೇಳಿ, ನಾನೂ ಈ ಗಂಡಸರ ಹಿಂದೆಯೇ ಹೊರಟೆ.

ನಾಲೆಯ ಏರಿಯ ಮೇಲೆ ಹೊಂಗೆಮರದ ಕೆಳಗೆ ಆಗಲೇ ಮಣ್ಣು ಮುಚ್ಚಿ, ಹೂವು ಅರಿಶಿನ ಕುಂಕುಮ ಹಾಕಿದ್ದರು. ಹೆಂಗಸರು ಕಾಯಿ ಒಡೆಸಿಕೊಂಡು ಮನೆಗೆ ಹೊರಟಿದ್ದರು. ಗುಂಡಿ ತೆಗೆದವನೂ ತಮಟೆ ಬಾರಿಸಿದವನೂ ಪುಟ್ಟಮಾದಯ್ಯನೇ. ಊರಾಚೆಯ ಕೇರಿಯವನಾದ್ದರಿಂದ ಅವನು ನಾವು ಸ್ನಾನ ಮಾಡುವ ಮೆಟ್ಟಿಲಿಗೆ ಬರುವ ಹಾಗಿರಲಿಲ್ಲ. ನೀರು ಹರಿದು ಹೋಗುವ ಕಡೆ, ಅಷ್ಟು ದೂರದಲ್ಲಿ ನಿಂತು ಕಾಲಿಗೆ ಮೆತ್ತಿದ್ದ ಮಣ್ಣು ತೊಳೆಯುತ್ತಿದ್ದ.

ಸಂಪತ್ ಕುಮಾರಾಚಾರ್ಯರು ಎಲ್ಲವನ್ನೂ ಮಾವನವರ ಮುಂದೆ ಇಟ್ಟರು. ಮಾವನವರು ಕಣ್ಣು ಮುಚ್ಚಿ ಕೇಳಿದರು. ಈಗ ಸಿಡಿಯುತ್ತಾರೆ ಎಂದು ನಾನು ಕಾದೆ. ಅವರು ಕಣ್ಣು ತೆರೆದು ಮಗನ ಕಡೆ ತಿರುಗಿ, "ಕವಲು ಒಡೆದು ಎಷ್ಟು ತಲೆಮಾರಾಯಿತೋ ರಂಗ?" ಎಂದು ಕೇಳಿದರು.

ನಾನು ಬೆಪ್ಪಾದೆ. ಇವರೂ ತಬ್ಬಿಬ್ಬಾಗಿ, "ಅಪ್ಪಾ... ಲಕ್ಷಾಂತರ," ಎಂದು ತೊದಲಿದರು.

"ಹಾಗಿದ್ದರೆ ಗಲಾಟೆ ಯಾಕೆ? ಏಳು ತಲೆಮಾರಿನೊಳಗಿನ ದಾಯಾದಿಗೆ ಹತ್ತು ದಿನ. ಹದಿನಾಲ್ಕರೊಳಗೆ ಮೂರು ದಿನ. ಅದರಾಚೆಯವರಿಗೆ ಸುದ್ದಿ ಕೇಳಿದ ಕೂಡಲೇ ಒಂದು ಸ್ನಾನ, ಅಷ್ಟೇ. ಮದುವೆಗೆ ಏನೂ ಅಡ್ಡಿಯಿಲ್ಲ."

ಸಂಪತ್ ಕುಮಾರಾಚಾರ್ಯರು ಒಂದು ಹೆಜ್ಜೆ ಮುಂದೆ ಬಂದರು. "ಅಂದರೆ... ತಾವೂ ಇದನ್ನು ಒಪ್ಪುತ್ತೀರಾ? ಮಂಗ ದಾಯಾದಿ ಅಂತ?"

"ನಾರಾಯಣನೇ ಸಕಲ ಜೀವಕ್ಕೂ ಅಪ್ಪ ಅಂತ ಹುಟ್ಟಿದಾಗಿನಿಂದ ಹೇಳಿಕೊಂಡು ಬಂದಿದ್ದೇನೆ ಆಚಾರ್ಯರೇ. ಅಪ್ಪ ಒಬ್ಬನೇ ಆದಮೇಲೆ ಮಕ್ಕಳು ದಾಯಾದಿಗಳಲ್ಲದೆ ಇನ್ನೇನು? ಇವನು ಪುಸ್ತಕ ಓದಿ ಈಗ ತಿಳಿದುಕೊಂಡ, ಅಷ್ಟೇ ವ್ಯತ್ಯಾಸ."

ಹೇಳಿದವರು ನೀರಿಗಿಳಿದೇ ಬಿಟ್ಟರು! ಕರೆಂಟು ಹೊಡೆದು ಸತ್ತ ಒಂದು ಕೋತಿಗಾಗಿ, ದೇವರ ಮೈ ಮುಟ್ಟುವ ನಮ್ಮ ಮಾವನವರು ಮುಳುಗಿ ಎದ್ದು ಬೊಗಸೆ ನೀರು ಬಿಟ್ಟರು. ನಮ್ಮೆಜಮಾನರೂ ಇಳಿದು ಮುಳುಗಿದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಮಾವನವರ ತಲೆಯೊಳಗೆ ಇಂಥದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಜವರಯ್ಯ ಮೂಗಿನ ಮೇಲೆ ಬೆರಳಿಟ್ಟುಕೊಂಡು "ಅಯ್ಯೋ ಸಿವನೇ!" ಎಂದ.

ಸಂಪತ್ ಕುಮಾರಾಚಾರ್ಯರಿಗಂತೂ ಖುಷಿಯೋ ಖುಷಿ. "ಭೇಷ್! ಶಾಸ್ತ್ರವೂ ಉಳಿಯಿತು, ಮೇಷ್ಟ್ರ ವಿಜ್ಞಾನವೂ ಉಳಿಯಿತು. ಅಷ್ಟಕ್ಕೂ ಹನುಮಂತ ನೆಂಟನಾದರೆ ನಮಗೇನು ನಷ್ಟ? ನಡೆಯಿರಿ, ಕಾಫಿ ಕುಡಿಯೋಣ," ಎಂದರು. ನನಗೆ ಹೋದ ಜೀವ ಬಂದಂತಾಯಿತು. ತಂದೆ ಮಗ ಒಣಪಂಚೆ ಉಟ್ಟು, ಆಚಮನ ಮಾಡಿ, ಏರಿ ಹತ್ತಲು ಹೊರಟರು. ನಾನು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಒದ್ದೆ ಪಂಚೆಗಳನ್ನು ಜಾಲಿಸುತ್ತಿದ್ದೆ.

ಆಗ ಪುಟ್ಟಮಾದಯ್ಯ ಅಲ್ಲಿಂದಲೇ ಕರೆದ. "ಅಯ್ನೋರೇ, ಒಂದ್ ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡಿ."

"ಏನಪ್ಪ?" ಎಂದರು ಮಾವನವರು.

"ಕೋತಿ ಲಕ್ಸ ತಲೆಮಾರ್ನಾಗೆ ಬತ್ತದೆ ಅಂದ್ರಿ. ನಾವು ಎಷ್ಟ್ನೇ ತಲೆಮಾರ್ನಾಗೆ ಬತ್ತೀವಿ ಬುದ್ದೀ?"

ಅವನು ನಗುತ್ತಲೇ ಕೇಳಿದ್ದ. ನಮ್ಮ ಕಡೆ ಯಾರೂ ನಗಲಿಲ್ಲ. ಜವರಯ್ಯನ ಮುಖ ಗಂಟಾಯಿತು. "ಏ, ಮುಚ್ಕೊಂಡ್ ತಮಟೆ ಎತ್ಕೊಂಡ್ ವೋಗ್ಲಾ. ನಿಂಗ್ಯಾಕ್ಲಾ ಅದೆಲ್ಲಾ?" ಎಂದು ಗದರಿದ. ಆಚಾರ್ಯರು "ಎಂಥ ಅಧಿಕಪ್ರಸಂಗ!" ಎಂದು ಕೊಡೆ ಕುಟ್ಟಿದರು. ನಾನು ಮೇಷ್ಟ್ರ ಮುಖ ನೋಡಿದೆ. ಊರಿಗೆಲ್ಲ ಪಾಠ ಹೇಳುವವರು ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದರು.

ಪುಟ್ಟಮಾದಯ್ಯ ಬೆದರಿದ. "ತೆಪ್ಪಾಯ್ತು ಬುದ್ದಿ. ಕೋತೀಗೂ ಮುಳುಗಾಕಿದ್ರಲ್ಲ ಅಂತ ಮನ್ಸಿಗ್ ಬಂತು. ನಮ್ ಒಂಬಾಳಿ ಓದಾಗ... ಬುಡಿ, ಬುಡಿ."

"ಯಾರು ಹೋದದ್ದು?" ಎಂದರು ಮಾವನವರು.

"ನನ್ ಮಗ್ಳು ಬುದ್ದಿ, ಒಂಬಾಳಮ್ಮ. ಯುಗಾದಿ ಕಳೆದ್ ಮ್ಯಾಕೆ ಕಾಮಾಲೆ ಬಂದು ವೋಯ್ತು. ನಿಮ್ಮ ಹಸೂಗೆ ಉಲ್ಲು ತತ್ತಿತ್ತಲ್ಲ, ಆ ಮಗ."

ಹೊಂಬಾಳಮ್ಮ! ಹಿತ್ತಿಲ ಬೇಲಿಯಾಚೆ ನಿಂತು "ಅಮ್ಮಾವ್ರೇ, ಉಲ್ಲು" ಎಂದು ಕೂಗುತ್ತಿದ್ದ ಹುಡುಗಿ, ಕನಕಳ ವಾರಿಗೆಯವಳು. ಮದುವೆಯಾಗಿ ಹೋದಳೇನೋ ಎಂದುಕೊಂಡಿದ್ದೆ. ಸತ್ತು ಇಷ್ಟು ತಿಂಗಳಾದರೂ ಒಂದೇ ಊರಿನಲ್ಲಿರುವ ನಮಗೆ ಸುದ್ದಿಯೇ ಬಂದಿರಲಿಲ್ಲ. ಕೋತಿ ಸತ್ತದ್ದು ಮಾತ್ರ ಅದೇ ದಿನ ತಿಳಿದಿತ್ತು.

ಮಾವನವರು ತಿರುಗಿ ಮೆಟ್ಟಿಲಿಳಿದು ಬಂದರು. ಆಗತಾನೆ ಉಟ್ಟ ಮಡಿಪಂಚೆಯಲ್ಲೇ, ನನ್ನನ್ನು ದಾಟಿಕೊಂಡು ನೀರಿಗಿಳಿದರು. ಮುಳುಗಿ ಎದ್ದರು. ಬೊಗಸೆಯಲ್ಲಿ ನೀರು ತುಂಬಿಕೊಂಡು ತುಟಿಯಲ್ಲೇ ಮಂತ್ರ ಹೇಳಿದರು. ನಾನು ಮೊಳ ದೂರದಲ್ಲಿದ್ದೆ. ಹೊಂಬಾಳಮ್ಮ ಎಂಬ ಹೆಸರು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು.

ಏರಿಯ ಮೇಲಿದ್ದವರಿಗೆ ಅದು ಕೇಳಿಸಲಿಲ್ಲ. "ಆಗಬೇಕಾದ್ದೇ!" ಎಂದು ಸಂಪತ್ ಕುಮಾರಾಚಾರ್ಯರು ತಲೆಯಾಡಿಸಿದರು. "ಅವನು ಎದುರಿಗೆ ನಿಂತು ಮಾತಿಗೆಳೆದು ಮಡಿ ಕೆಡಿಸಿಬಿಟ್ಟನಲ್ಲ. ಮೈಲಿಗೆಗೆ ಇನ್ನೊಂದು ಸ್ನಾನ ಮಾಡಲೇಬೇಕು. ಹಿರಿಯರು ಅಂದರೆ ಹೀಗಿರಬೇಕು, ಬಾಯಲ್ಲಿ ಬೈಯಲಿಲ್ಲ, ಮುಳುಗಿ ತೋರಿಸಿದರು."

ಪುಟ್ಟಮಾದಯ್ಯನೂ ಹಾಗೆಯೇ ತಿಳಿದ. ಅವನ ಮುಖ ಸಣ್ಣದಾಯಿತು. ಕೈ ಮುಗಿದುಕೊಂಡು, "ತೆಪ್ಪಾಯ್ತು ಅಯ್ನೋರೇ, ತೆಪ್ಪಾಯ್ತು," ಎನ್ನುತ್ತ ಹಿಂದೆ ಹಿಂದೆ ಹೋಗತೊಡಗಿದ.

ಅಯ್ಯೋ, ಮಾವನವರೇ ಹೇಳಬಾರದೇ? ಆದರೆ ನೀರಿಗಿಳಿದರೆ, ಮಡಿಯುಟ್ಟು ಆಚಮನ ಮಾಡುವ ತನಕ ಅವರ ಬಾಯಲ್ಲಿ ಮಂತ್ರ ಬಿಟ್ಟು ಮಾತು ಬರುವುದಿಲ್ಲ. ಅವರು ಕಣ್ಣು ಮುಚ್ಚಿಕೊಂಡು ನೀರಿನಲ್ಲಿ ನಿಂತಿದ್ದರು. ಅವರು ಮೇಲೆ ಬರುವಷ್ಟರಲ್ಲಿ ಪುಟ್ಟಮಾದಯ್ಯ ಗದ್ದೆಯಾಚೆ ಸೇರಿರುತ್ತಿದ್ದ. ನಾನು ಇವರ ಕಡೆ ನೋಡಿದೆ. ಇವರಿಗೆ ಅರ್ಥವಾಗಿತ್ತು, ಅಪ್ಪನನ್ನು ಬಲ್ಲ ಮಗ. ಬೀಗರ ಬೆನ್ನ ಹಿಂದಿನಿಂದ ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಕೋತಿಯ ವಿಷಯಕ್ಕೆ ಎದೆ ಸೆಟೆಸಿದ ಮನುಷ್ಯ!

ಬೆರಳಿಡದಿದ್ದರೆ ನಾನೇ ಸುಮ್ಮನಿರುತ್ತಿದ್ದೆನೋ ಏನೋ. ಮನೆಯಲ್ಲಿ ಕನಕ ಒಲೆಯ ಮುಂದೆ ಕೂತು ತನ್ನ ಮದುವೆಯ ಚಕ್ಕುಲಿಯನ್ನು ತಾನೇ ಕರಿಯುತ್ತಿದ್ದಳು. ಬಾಯಿ ಮುಚ್ಚಿಕೊಂಡರೆ ಶುಕ್ರವಾರ ಅವಳ ಕೊರಳಿಗೆ ತಾಳಿ. ಅಷ್ಟೇ ತಾನೆ ನನಗೆ ಬೇಕಿದ್ದದ್ದು? ಆದರೆ ಆ ಅಪ್ಪ ಹಿಂದೆ ಹಿಂದೆ ನಡೆಯುತ್ತಿದ್ದುದನ್ನು ನನ್ನಿಂದ ನೋಡಲಾಗಲಿಲ್ಲ.

"ನಿಲ್ಲು ಪುಟ್ಟಮಾದಯ್ಯ!" ಎಂದು ಕೂಗಿದೆ. ನನ್ನ ದನಿ ನನಗೇ ಗಾಬರಿ ಹುಟ್ಟಿಸಿತು. "ಮೈಲಿಗೆಗಲ್ಲ ಕಣಯ್ಯ ಈ ಸ್ನಾನ. ನಿನ್ನ ಮಗಳಿಗೆ. ಮಾವನವರು ಹೊಂಬಾಳಮ್ಮನ ಹೆಸರು ಹೇಳಿ ನೀರು ಬಿಟ್ಟರು. ನಾನೇ ಕೇಳಿದೆ."

ಸಂಪತ್ ಕುಮಾರಾಚಾರ್ಯರು ಒಂದೊಂದೇ ಮೆಟ್ಟಿಲಿಳಿದು ಬಂದು, ಅರ್ಧಕ್ಕೇ ನಿಂತು, "ಏನಂದಿರಿ?" ಎಂದರು. ನಗು ಎಲ್ಲೂ ಇರಲಿಲ್ಲ. "ಹೆಂಗಸರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ಯೋಚಿಸಿ ಹೇಳಿ ಪಂಕಜಮ್ಮನವರೇ."

ಪಾಪ, ಅವರೂ ಒಂದು ದಾರಿ ಬಿಟ್ಟುಕೊಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಮಾದಯ್ಯ ಓಡಿ ಬಂದ. ನಮ್ಮ ಮೆಟ್ಟಿಲ ಹತ್ತಿರದವರೆಗೂ ಬಂದು, ಅಲ್ಲಿ ಹೆದರಿ ನಿಂತು, ನನಗೆ ಎರಡೂ ಕೈ ಮುಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಮೈಲ್ಗೇಗೇ ಅಂತ ಯೋಳ್ಬುಡ್ರವ್ವ," ಎಂದ. "ಮಗೀನ ಮದ್ವೆ ಕಣ್ರವ್ವ. ನಂದೇನ್ ವೋಯ್ತದೆ? ಮೈಲ್ಗೇಗೇ ಅಂದ್ಬುಡಿ, ನಿಮ್ಮ ದಮ್ಮಯ್ಯ."

ನನಗೆ ಅಳು ಉಕ್ಕಿ ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. "ಸರಿಯಾಗಿಯೇ ಕೇಳಿಸಿದೆ ಆಚಾರ್ಯರೇ," ಎಂದೆ. "ಹೊಂಬಾಳಮ್ಮನಿಗೆ."

ಅವರು ಏರಿ ಹತ್ತಿ ಹನಕೆರೆಯ ದಾರಿ ಹಿಡಿದರು. ಇವರು "ಆಚಾರ್ಯರೇ, ಆಚಾರ್ಯರೇ" ಎನ್ನುತ್ತ ಹಿಂದೆ ಓಡಿದರು. ಜವರಯ್ಯ ಎತ್ತಲೋ ನೋಡುತ್ತ ನಿಂತಿದ್ದ.

ಜಾಲಿಸುತ್ತಿದ್ದ ಪಂಚೆಯನ್ನು ಕಲ್ಲಿನ ಮೇಲೆ ಹಾಕಿ, ಉಟ್ಟ ಸೀರೆಯಲ್ಲೇ ನಾನೂ ನೀರಿಗಿಳಿದೆ. ಸುದ್ದಿ ನನಗೂ ಈಗ ತಾನೇ ತಿಳಿದಿತ್ತಲ್ಲ. ಶ್ರಾವಣದ ನೀರು ಎದೆ ನಡುಗಿಸುವಷ್ಟು ತಣ್ಣಗಿತ್ತು. "ಬ್ಯಾಡ ಕಣ್ರವ್ವ, ಬ್ಯಾಡ ಕಣ್ರವ್ವ," ಎಂದು ಪುಟ್ಟಮಾದಯ್ಯ ಕೂಗುತ್ತಲೇ ಇದ್ದ. ಕಿವಿಯ ಮೇಲೆ ನೀರು ಬರುವ ತನಕ ಅದು ನನಗೆ ಕೇಳಿಸುತ್ತಿತ್ತು.